ಕೇಕಿನ ಮೇಲಿನ ಹೆಸರು

ಹಲ್ಲಿನ ಆಸ್ಪತ್ರೆಯಲ್ಲಿ ಸರದಿಗಾಗಿ ಕಾಯುತ್ತಿದ್ದ ಕ್ಷೌರಿಕ ಪೇಪರಿನಲ್ಲಿ ಮುಖ ಹುದುಗಿಸಿದ್ದನೇ ಹೊರತು ಅವನ ಕಿವಿಯೆಲ್ಲ ಪಕ್ಕದ ಬೆಂಚಿನ ಕಡೆಗಿತ್ತು. ಅಲ್ಲಿ ಬೇಕರಿ ಕೆಲಸದ ಹೆಂಗಸೊಬ್ಬಳು ನಾದಿನಿಯ ಜೊತೆ ಕೂತಿದ್ದಳು.

"ಅತ್ತಿಗೆ, ಇವತ್ತು ಕೆಲಸ ಬಿಡ್ತೀನಿ ಅಂತ ಹೇಳಿಬಿಟ್ರಾ?"

"ಹೇಳೋಕೇ ಹೋಗಿದ್ದೆ ಕಣೇ. ಅಷ್ಟರಲ್ಲಿ ಕೇಕ್ ತಗೊಳ್ಳೋಕೆ ಬಂದೋರು ನನ್ನ ಮೇಲೆ ಕೂಗಾಡೋಕೆ ಶುರು ಮಾಡಿದ್ರು."

"ಯಾಕಂತೆ?"

"ಹುಟ್ಟುಹಬ್ಬ ಮಗಳದು. ಕೇಕಿನ ಮೇಲೆ ಅಪ್ಪನ ಹೆಸರು!"

ಕ್ಷೌರಿಕ ನಗು ತಡೆಯಲು ಪೇಪರನ್ನು ಇನ್ನಷ್ಟು ಮೇಲೆತ್ತಿದ.

"ಅಯ್ಯೋ! ಓನರಮ್ಮ ರೇಗಿದ್ರಾ?"

"ನಾನೂ ಹಾಗೇ ಅಂದ್ಕೊಂಡು ತಲೆ ತಗ್ಗಿಸಿ ನಿಂತೆ. ಅವರು ಮುಂದೆ ಬಂದು, 'ಫೋನಲ್ಲಿ ಹೆಸರು ತಪ್ಪಾಗಿ ಕೇಳಿಸ್ಕೊಂಡೋಳು ನಾನು. ಬೈಯೋದಾದ್ರೆ ನನ್ನನ್ನ ಬೈರಿ' ಅಂದ್ರು. ಅಷ್ಟು ಜನರ ಎದುರಿಗೆ!"

"ಅದಕ್ಕೆ ಕರಗಿಬಿಟ್ರಾ? ಎದುರು ಅಂಗಡಿಯೋರು ಹೆಚ್ಚಿಗೆ ಸಂಬಳ ಕೊಡ್ತಾರಲ್ಲ?"

"ಸಂಬಳ ಬೇಡ ಅನ್ನೋಕೆ ನಾನೇನು ಸನ್ಯಾಸಿನಾ? ಇಲ್ಲೇ ಹೆಚ್ಚು ಮಾಡಿ ಅಂತ ಕೇಳಿದೀನಿ. ನಾಳೆ ಕೂತು ಮಾತಾಡೋಣ ಅಂದಿದ್ದಾರೆ. ಆದ್ರೆ ನನ್ನ ಪರವಾಗಿ ಮಾತಾಡೋರನ್ನ ಬಿಟ್ಟು ಹೋಗೋಕೆ ಮನಸ್ಸು ಬರಲಿಲ್ಲ."

"ಆ ಕೇಕ್ ಏನಾಯ್ತು?"

"ಅವರಿಗೆ ಹೊಸದು ಮಾಡಿಕೊಟ್ವಿ. ತಪ್ಪು ಹೆಸರಿಂದನ್ನ ಓನರಮ್ಮನೇ ಕತ್ತರಿಸಿ ನಮಗೆಲ್ಲ ಕೊಟ್ರು. ಇಷ್ಟು ವರ್ಷ ಕೇಕ್ ಮಾಡಿದೀನಿ, ಆ ಅಂಗಡೀಲಿ ಕುರ್ಚಿ ಮೇಲೆ ಕೂತು ತಿಂದಿದ್ದು ಇದೇ ಮೊದಲು! ಎರಡು ತುಂಡು ತಿಂದೆ."

ನರ್ಸ್ ಬಾಗಿಲಿನಿಂದ ಕರೆದಳು. ಇಬ್ಬರೂ ಎದ್ದರು.

"ಅತ್ತಿಗೆ, ಒಳಗೆ ಡಾಕ್ಟ್ರು ಕೇಳಿದ್ರೆ ಒಂದೇ ತುಂಡು ಅನ್ನಿ!"