ತೊಟ್ಟಿಲ ದಿನದ ಕಾಡಿಗೆ

ದೆವ್ವಕ್ಕಿಂತ ದೆವ್ವ ಕಂಡವರ ಬಾಯಿಗೇ ನಾನು ಹೆಚ್ಚು ಹೆದರುವವನು. ಆದರೂ ಇದು ನನ್ನ ಚಿಕ್ಕಪ್ಪನ ಮಗ ನಂದಕಿಶೋರನಿಗೆ ಆದದ್ದು, ೨೦೦೪ರಲ್ಲಿ. ಅವನು ಸುಳ್ಳು ಕಟ್ಟುವವನಲ್ಲ. ಅಷ್ಟು ಕಲ್ಪನೆ ಅವನಿಗಿಲ್ಲ.

ಅವತ್ತು ರೈಲು ತಡ. ವಾಡಿಯಲ್ಲಿಳಿದು ಕತ್ತಲಲ್ಲಿ ತನ್ನೂರು ರಾವೂರಿಗೆ ನಡೆದು ಬರುತ್ತಿದ್ದ. ಕರೆಂಟ್ ಇರಲಿಲ್ಲ.

ಗುಲಬರ್ಗಾದ ಲ್ಯಾಬೊಂದರಲ್ಲಿ ಅವನು ಇಂಗಾಲದ ಸೂಜಿ ಬೆಳೆಸುತ್ತಿದ್ದ. ಕೂದಲಿಗಿಂತ ಸಾವಿರಾರು ಪಟ್ಟು ಸಪೂರ. ಗಾಳಿ ತೆಗೆದ ಪಾತ್ರೆಯೊಳಗೆ ವೋಲ್ಟೇಜ್ ಕೊಟ್ಟರೆ ಅವುಗಳ ತುದಿಯಿಂದ ಎಲೆಕ್ಟ್ರಾನು ಚಿಮ್ಮಿ ಎದುರಿನ ಪರದೆ ಹಸಿರಾಗಿ ಬೆಳಗಬೇಕು. ಎಂದೂ ಬೆಳಗಿರಲಿಲ್ಲ. ಗೈಡ್ ಗುಲಾಮ್ ರಸೂಲ್ ಸರ್, “ಈ ತಿಂಗಳು ಆಗ್ಲಿಲ್ಲಂದ್ರ ಪಿಎಚ್.ಡಿ. ಮರ್ತುಬಿಡು” ಅಂದಿದ್ದರು.

ಮನೆಯಲ್ಲಿ ಅವನ ಅಕ್ಕ ಪದ್ಮಜಾ ಹೆತ್ತಿದ್ದಳು. ತೊಟ್ಟಿಲ ದಿನ ಕೂಸಿನ ಕಣ್ಣಿಗೆ ಹಚ್ಚಲೆಂದು ಅಜ್ಜಿ ಅನಸೂಯಾಬಾಯಿ ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಕವುಚಿ ಮಸಿ ಹಿಡಿದಿದ್ದಳು. ಕೂಸಿಗೆ ಹಚ್ಚುವ ತನಕ ಅದು ಹೊಸ್ತಿಲು ದಾಟಬಾರದು, ಇದು ಮನೆಯ ಕಟ್ಟಳೆ. ಇವನಿಗೆ ಅದು ಪುಕ್ಕಟೆ ಇಂಗಾಲ. ಅವತ್ತು ಮುಂಜಾನೆ ಪೂರ್ತಿ ಕೆರೆದು ಒಯ್ದ. ಸಿಲಿಕಾನ್ ತುಂಡಿಗೆ ಬಳಿದು, ಕುಲುಮೆಯಲ್ಲಿಟ್ಟು, ಕರ್ಪೂರದ ಆವಿ ಹಾಯಿಸಿದ.

ಪರದೆ ಬೆಳಗಿತು.

“ನಾಳೆ ನನ್ನ ಮುಂದ ಇನ್ನೊಮ್ಮೆ ಮಾಡು” ಅಂದರು ಸರ್. ತುಂಡನ್ನು ಪಾತ್ರೆಯೊಳಗೇ ಬಿಟ್ಟು, ಗಾಳಿ ಎಳೆಯುವ ಪಂಪು ಓಡುತ್ತಿರುವಂತೆಯೇ ಲ್ಯಾಬಿಗೆ ಬೀಗ ಹಾಕಿ ಬಂದಿದ್ದ.

ನಡೆದು ಬರುವಾಗ ಊರ ಹೊರಗಿನ ಬಾವಿ ಸಿಕ್ಕಿತು. ಒಳಗಿಂದ ಸದ್ದು... ಟುಕು-ಟುಕು-ಟುಕು... ಲ್ಯಾಬಿನ ಪಂಪಿನದೇ ಸದ್ದು. ಡೀಸೆಲ್ ಎಂಜಿನ್ ಇರಬೇಕು ಅಂದುಕೊಂಡ. ಕೇಳಿದಾಗ ನಾನೂ ಅದನ್ನೇ ಅಂದೆ. ಆ ಬಾವಿಗೆ ಎಂಜಿನ್ ಇಲ್ಲ.

ಸದ್ದು ನಿಂತಿತು. ಕಟ್ಟೆಯ ಆಚೆ ಹೆಂಗಸಿನ ಪಿಸುದನಿ.

“ನಂದ್ಯಾ... ಕೂಸಿಂದು ತಂದಿ ಏನು?”

ಅಜ್ಜಿ ಊರಿಗೆಲ್ಲ ಹೇಳಿದ್ದಾಳೆ ಅಂದುಕೊಂಡ. “ಲ್ಯಾಬಿನಾಗ ಅದ. ನಾಳಿ ತರ್ತೀನ್ರಿ.”

“ತೊಟ್ಟಿಲ ಮುಂಜಾನಿ ಅದ. ನೀ ಬರೂದು ಸಂಜಿಗಿ... ಇರ್ಲಿ. ನಾನs ತರ್ತೀನಿ.”

ಓಡಲಿಲ್ಲ ಅಂತಾನೆ. ಮನೆ ಸೇರಿದಾಗ ಕಾಲಲ್ಲಿ ಒಂದೇ ಚಪ್ಪಲಿ ಇತ್ತು.

ಅಜ್ಜಿ ಬಾಗಿಲಲ್ಲೇ ಹಿಡಿದಳು. “ಮಸಿ ಎಲ್ಲೋ, ಭಾಡ್ಯಾ? ತಟ್ಟಿ ನೆಕ್ಕಿದಿ ಏನು?”

ಒಳಗಿಂದ ಪದ್ಮಜಾ ಅಂದಳು, “ಯಾಕ ಬೈತಿ ಅಜ್ಜಿ? ಈಗ ಹಚ್ಚಿ ಹೋದಾಕಿ ನೀನs ಅಲ್ಲೇನು?”

ಕಂದೀಲು ಹಿಡಿದು ನೋಡಿದರು. ಕೂಸು ಮಲಗಿತ್ತು. ಎರಡೂ ಕಣ್ಣಿಗೆ ಕಾಡಿಗೆ. ಅಜ್ಜಿ ಹಚ್ಚಿರಲಿಲ್ಲ.

ನೆರೆಯವರು ಯಾರೋ ಹಚ್ಚಿರಬೇಕು, ಅಂದೆ ನಾನು.

ಮರುದಿನ ಸರ್ ಎದುರೇ ಬೀಗ ತೆಗೆದ. ಪಂಪು ಓಡುತ್ತಿತ್ತು, ಪಾತ್ರೆಯ ಬೋಲ್ಟುಗಳು ಬಿಗಿಯಾಗಿಯೇ ಇದ್ದವು. ವೋಲ್ಟೇಜ್ ಏರಿಸಿದ. ಪರದೆಯ ಅಂಚಿನಲ್ಲಷ್ಟೇ ಮಿಣುಕು, ನಡುವೆ ಕತ್ತಲು. ಪಾತ್ರೆ ಬಿಚ್ಚಿದರು.

“ನಡುವ ಕೈ ಯಾಕ ಹಚ್ಚಿದಿ?” ಕೇಳಿದರು ಸರ್.

ಪಿಎಚ್.ಡಿ. ಅಲ್ಲಿಗೇ ನಿಂತಿತು. ಈಗ ಚಿತ್ತಾಪುರದಲ್ಲಿ ಹುಡುಗರಿಗೆ ವಿಜ್ಞಾನ ಕಲಿಸುತ್ತಾನೆ. ಆ ತುಂಡು ಅವನ ಹತ್ತಿರವೇ ಇದೆ, ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಅಂಚೆಚೀಟಿಯಷ್ಟು ಅಗಲ, ಸುತ್ತ ಕಪ್ಪು. ನಡುವೆ ಬೆರಳ ತುದಿಯಿಂದ ಒರೆಸಿ ತೆಗೆದ ಗುರುತು, ಎರಡು, ಒಂದರ ಪಕ್ಕ ಒಂದು.