ಸಾಲಿಗೆ ಸಾಲು

ಮುಚ್ಕೋಬೇಡಿ ಟೀಚರ್. ನೋಡಿದ್ದಾಯ್ತು ನಾನು. ಹೊದಿಕೆ ಎಳ್ಕೊಂಡ್ರೆ ಕಾಲು ವಾಸಿ ಆಗಲ್ಲ.

ಇಲ್ಲೇ ಕೂತ್ಕೋತೀನಿ, ಮಂಚದ ಮೇಲೆ ಬೇಡ. ಈ ಸ್ಟೂಲ್ ಸಾಕು. ಇದೇ ಅಲ್ವಾ, ನೀವು ನಮ್ಮನ್ನ ಒಬ್ಬೊಬ್ಬರನ್ನೇ ಹತ್ತಿಸಿ ಬೈಬಲ್ ವಚನ ಒಪ್ಪಿಸ್ಕೋತಿದ್ದಿದ್ದು? ಸಂಡೇ ಸ್ಕೂಲ್ ಮುಚ್ಚಿದಾಗ ಮನೆಗೆ ತಂದ್ಬುಟ್ರಾ? ನೋಡಿ, ಆಗ ನಾನು ಹತ್ತಿದ್ರೆ ಸದ್ದೇ ಮಾಡ್ತಿರಲಿಲ್ಲ. ಈಗ ಕುಂಯ್ ಅಂತಿದೆ.

ನಗಿ, ನಗಿ. ನೀವು ನಕ್ಕರೆ ನನಗೂ ಸ್ವಲ್ಪ ಧೈರ್ಯ.

ಹೊರಗೆ ಆಟೋ ನಿಂತಿದೆ. ನಿಮ್ಮ ಮಗಳು ಪ್ರೇಮಲೀಲಕ್ಕ ನಿಮ್ಮ ಬಟ್ಟೆ ತುಂಬ್ತಿದ್ದಾರೆ. ಚಾಮರಾಜಪುರಂ ಡಾಕ್ಟರು ಏನಂದ್ರು ಅಂತ ಅವರೇ ನಿಮಗೆ ಹೇಳಿದ್ದಾರೆ. ಇವತ್ತು ಬಂದ್ರೆ ಬೆರಳಷ್ಟೇ ಹೋಗುತ್ತೆ. ಇನ್ನೂ ತಡ ಆದ್ರೆ ಪಾದ ಹೋಗುತ್ತೆ. ಅದಕ್ಕೂ ತಡ ಆದ್ರೆ… ಅದನ್ನ ನಾನು ಹೇಳಲ್ಲ. ನಾನು ಓದಿದ್ದು ಕೆಮಿಸ್ಟ್ರಿ, ಡಾಕ್ಟರ್ ಅಲ್ಲ. ಆದ್ರೂ ರಕ್ತದಲ್ಲಿ ಸಕ್ಕರೆ ಏರಿದ್ರೆ ಗಾಯ ಏನಾಗುತ್ತೆ ಅಂತ ಅಷ್ಟು ಗೊತ್ತು.

ಮೊದಲು ನೀವು ಬಿಟ್ಟಿರೋ ಸಕ್ಕರೆ ಕಾಯಿಲೆ ಮಾತ್ರೆ, ಇದೊಂದು ತಗೊಳ್ಳಿ. ಆಮೇಲೆ ಆಟೋ. ಆಮೇಲೆ ಎಷ್ಟು ಬೇಕಾದ್ರೂ ಬೈಯ್ರಿ.

ಬೇಡ ಅಂತೀರಾ. ಸರಿ, ನೀರಿನ ಲೋಟ ಇಲ್ಲೇ ಕಿಟಕಿ ಹತ್ರ ಇಡ್ತೀನಿ.

ಯಾಕೆ ಹಾಗೆ ನೋಡ್ತೀರಿ? ನಾನೇನು ನಂಬಿಕೆ ಬಿಟ್ಟವನಲ್ಲ. ನಂಬಿಕೆ ಬಿಡಿ ಅಂತ ಹೇಳೋಕೂ ಬಂದಿಲ್ಲ. ಸತ್ಯವೇದದಲ್ಲಿ ಏನಿದೆಯೋ ಅಷ್ಟೇ ಹೇಳ್ತೀನಿ. ನೀವು ಕಲಿಸಿದ ಹಾಗೇ ಹೇಳ್ತೀನಿ. ವಚನ ಒಪ್ಪಿಸಿದ ತಕ್ಷಣ ಮಿಠಾಯಿಗೆ ಕೈ ಚಾಚಿದ್ರೆ ನೀವು ಕೊಡ್ತಿರಲಿಲ್ಲ, ನೆನಪಿದೆಯಾ? "ಅದರ ಮೇಲಿಂದು ಓದು, ಕೆಳಗಿಂದು ಓದು, ಆಮೇಲೆ ಕೊಡ್ತೀನಿ." ಮಿಠಾಯಿ ಆಸೆಗೆ ಇಡೀ ಅಧ್ಯಾಯ ಓದಿದ್ದೀನಿ ನಾನು.

ನಮ್ಮ ಸಭೆಗೆ ಹೊರಗಿಂದ ಬಂದು ಪ್ರಸಂಗ ಮಾಡ್ತಾರಲ್ಲ ಆ ಬ್ರದರ್, ಅವರು ಆವತ್ತು ಎತ್ತಿಕೊಂಡ ವಚನ ಯಾವುದು? ಯೋಹಾನನ ಪತ್ರದ್ದು. ನಂಬದವನು ದೇವರನ್ನ ಸುಳ್ಳುಗಾರನನ್ನಾಗಿ ಮಾಡ್ತಾನೆ ಅನ್ನೋದು. ಮೇಲಿಂದು ಓದಿ, ಕೆಳಗಿಂದು ಓದಿ. ದೇವರು ತನ್ನ ಮಗನ ಬಗ್ಗೆ ಕೊಟ್ಟ ಸಾಕ್ಷಿಯ ಮಾತು ಅದು. ಅಲ್ಲಿ ಕಾಯಿಲೆ ಎಲ್ಲಿದೆ? ಔಷಧಿ ಎಲ್ಲಿದೆ? ಹಿಜ್ಕೀಯ ರಾಜನ ಹುಣ್ಣಿಗೆ ಅಂಜೂರ ಅರೆದು ಕಟ್ಟಿ ಅಂದೋನು ಪ್ರವಾದಿನೇ ತಾನೇ? ಅವನಿಗೆ ನಂಬಿಕೆ ಕಡಿಮೆ ಇತ್ತಾ? ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಹೊಟ್ಟೆಗೋಸ್ಕರ ಸ್ವಲ್ಪ ದ್ರಾಕ್ಷಾರಸ ತಗೋ ಅಂದ. ಪ್ರಾರ್ಥನೆ ಮಾಡಿ ಸುಮ್ಮನಿರು ಅನ್ನಲಿಲ್ಲ. ಸುವಾರ್ತೆ ಬರೆದ ಲೂಕನೇ ವೈದ್ಯ. ಇದೆಲ್ಲ ನಾನು ಕಟ್ಟಿದ್ದಲ್ಲ ಟೀಚರ್. ಈ ಸ್ಟೂಲ್ ಮೇಲೆ ನಿಂತು ಒಪ್ಪಿಸಿದ್ದು.

ಹೌದು, ಸಾಕ್ಷಿ ಹೇಳ್ತಾರೆ. ಪ್ರತಿ ಭಾನುವಾರ ಯಾರೋ ಎದ್ದು ನಿಂತು, ಮಾತ್ರೆ ಬಿಟ್ಟೆ, ವಾಸಿಯಾದೆ ಅಂತಾರೆ. ವಾಸಿಯಾಗದವರು ಎದ್ದು ನಿಲ್ಲಲ್ಲ. ಅವರು ಮುಂದಿನ ವಾರ ಸಭೆಗೇ ಬರಲ್ಲ. ಲೆಕ್ಕ ಹೀಗೆ ಮಾಡಿದ್ರೆ ಯಾವ ಔಷಧಿ ಬೇಕಾದ್ರೂ ಗೆಲ್ಲುತ್ತೆ.

ಪಾಸ್ಟರ್‌ಗೆ ಯಾಕೆ ಹೇಳಲಿಲ್ಲ ಅಂತೀರಾ? ಹೇಳಿದೆ. ಪ್ರಸಾದ್ ಪಾಸ್ಟರ್ ಕೋಪ ಮಾಡ್ಕೊಳ್ಳಲಿಲ್ಲ. ಕಾಫಿ ಕೊಟ್ಟರು. ಹೆಗಲ ಮೇಲೆ ಕೈಯಿಟ್ಟು, "ನಿನಗೆ ಟೀಕೆ ಮಾಡೋ ಆತ್ಮ ಬಂದಿದೆ ಪುನೀತ್, ಉಪವಾಸ ಮಾಡು" ಅಂದ್ರು. ಆ ಬ್ರದರ್ ಬಂದ ಮೇಲೆ ಹೊರಗೆ ಶಾಮಿಯಾನ ಹಾಕೋ ಹಾಗಾಗಿದೆ ನಮ್ಮ ಸಭೆ. ಮೊದಲು ಪ್ಲಾಸ್ಟಿಕ್ ಕುರ್ಚಿನೇ ಮಿಗ್ತಿತ್ತು. ಅಂಥವರನ್ನ ಯಾರು ಬೇಡ ಅಂತಾರೆ? ನಾನು ಉಪವಾಸ ಮಾಡಿದೆ. ಹಸಿವಾಯ್ತು. ವಚನ ಮಾತ್ರ ಅಲ್ಲಿದ್ದ ಹಾಗೇ ಇತ್ತು.

ಈಗ ನಗ್ತಿಲ್ಲ ನೀವು.

ಏನು? ನಾನು? ನಾನು ಬ್ರದರ್ ಪಕ್ಕದಲ್ಲೇ ನಿಂತಿದ್ದೆನಲ್ಲ ಅಂತಾನಾ?

ಹೌದು, ನಿಂತಿದ್ದೆ. ಭಾಷಾಂತರ ಮಾಡೋಕೆ ಇನ್ಯಾರಿದ್ದಾರೆ ನಮ್ಮಲ್ಲಿ? ಅವರು ಚೆನ್ನೈನೋರು, ಅವರಿಗೆ ಕನ್ನಡ ಬರಲ್ಲ. ನಿಮ್ಮಂಥವರಿಗೆ ಇಂಗ್ಲಿಷ್ ಬರಲ್ಲ. ಅದೇನು ಸುಲಭದ ಕೆಲಸ ಅನ್ಕೊಂಡಿದ್ದೀರಾ? ಅವರಿಗೆ ಕಿವಿಗೆ ಸಿಕ್ಕಿಸೋ ಮೈಕು, ನನಗೆ ಕೈಲಿ ಹಿಡಿಯೋದು. ಅವರದ್ದೊಂದು ಸಾಲು, ನನ್ನದೊಂದು ಸಾಲು. ಅವರು ಕೂಗಿದ್ರೆ ಕೂಗಬೇಕು, ಪಿಸುಗುಟ್ಟಿದ್ರೆ ಪಿಸುಗುಟ್ಟಬೇಕು, ಕೈ ಎತ್ತಿದ್ರೆ ಎತ್ತಬೇಕು. ಇಲ್ಲಾಂದ್ರೆ ಸಭೆಯೋರೇ ಅಂತಾರೆ, ಇವನ ಭಾಷಾಂತರದಲ್ಲಿ ಜೀವ ಇಲ್ಲ ಅಂತ.

ಆದ್ರೆ ನಾನು ಎಲ್ಲವನ್ನೂ ಹೇಳಲ್ಲ. ಇದು ಯಾರಿಗೂ ಗೊತ್ತಿಲ್ಲ, ನಿಮಗೆ ಹೇಳ್ತಿದ್ದೀನಿ. ಸತ್ಯವೇದಕ್ಕೆ ಹೊಂದದ ಸಾಲು ಬಂದ್ರೆ ತಿರುಗಿಸಿಬಿಡ್ತೀನಿ. ದೇವರು ನಿಮಗೆ ಕಾರು ಕೊಟ್ಟೇ ಕೊಡ್ತಾನೆ ಅಂದ್ರೆ, ದೇವರು ನಿಮ್ಮ ಅಗತ್ಯ ಬಲ್ಲ ಅಂತೀನಿ. ಅವರಿಗೆ ತಿಳಿಯಲ್ಲ, ತಲೆಯಾಡಿಸ್ತಾರೆ. ಅಲ್ಲಿ ನಿಂತ್ಕೊಂಡು ನನ್ನ ಕೈಲಾಗೋದು ಅಷ್ಟೇ.

ಆವತ್ತೂ ಹಾಗೇ. ಮಾತ್ರೆ ಎಸೆದುಬಿಡಿ ಅಂದ್ರಲ್ಲ, ಆ ಸಾಲು. ನಾನು ಅದನ್ನ ಹೇಳಲಿಲ್ಲ. ನಿಮ್ಮ ಭಾರ ದೇವರ ಮೇಲೆ ಹಾಕಿ ಅಂದೆ. ಅಷ್ಟೇ ಅಂದೆ. ಮಾತ್ರೆ ಅನ್ನೋ ಪದ ನನ್ನ ಬಾಯಲ್ಲಿ ಬರಲೇ ಇಲ್ಲ.

ನಿಜ ಟೀಚರ್.

ನಿಮಗೆ ಬೇರೆ ಯಾರೋ ಹೇಳಿರ್ತಾರೆ. ಮುಂದಿನ ಸಾಲಲ್ಲಿ ಕೂತಿರ್ತಾರಲ್ಲ, ಇಂಗ್ಲಿಷ್ ಬರೋರು. ಕೂಟ ಮುಗಿದ ಮೇಲೆ ಹೊರಗೆ ಚಪ್ಪಲಿ ಹಾಕ್ಕೊಳ್ಳೋವಾಗ, ಬ್ರದರ್ ಹೀಗಂದ್ರು ಹಾಗಂದ್ರು ಅಂತ. ಅವರ ಮಾತು ಕೇಳಿ ನೀವು ಮನೆಗೆ ಬಂದು… ಅಲ್ವಾ? ಹಾಗೇ ಆಗಿರುತ್ತೆ.

ಏನಾದ್ರೂ ಅನ್ನಿ.

ಪ್ರೇಮಲೀಲಕ್ಕ, ಒಂದ್ನಿಮಿಷ ಕಾಯೋಕೆ ಹೇಳಿ ಆಟೋದೋರಿಗೆ. ಬರ್ತೀವಿ, ಹೊರಟ್ವಿ.

ಟೀಚರ್, ಏನು ಬೇಕು? ಏಳಬೇಡಿ. ಕೈ ಯಾಕೆ ಎತ್ತುತ್ತಿದ್ದೀರಿ? ಲೋಟ ಬೇಕಾ? ಕೊಡ್ತೀನಿ ತಾಳಿ…

ಹಾಗೆ ಮುಷ್ಟಿ ಕಟ್ಟಿ… ಕಿಟಕಿ ಕಡೆಗೆ…

ಸಾಕು. ಇಳಿಸಿ ಕೈ.

ಅದು ಅವರು ಮಾಡಿದ್ದು. ಬ್ರದರ್ ಮಾಡಿದ್ದು. ಅವರು ಎಸೆದ ಹಾಗೆ ಮಾಡಿ ತೋರಿಸಿದ್ರು, ಎಲ್ಲರೂ ನೋಡಿದ್ರು. ನಾನು ಬರೀ…

ಮತ್ತೆ ಮಾಡಬೇಡಿ ಟೀಚರ್. ದಮ್ಮಯ್ಯ ಅಂತೀನಿ.

ಅವರು ಬಲಗೈಲಿ ಎಸೆದ್ರು. ನೀವು ಎಡಗೈಲಿ ತೋರಿಸ್ತಿದ್ದೀರಿ.

ನನ್ನ ಬಲಗೈಲಿ ಮೈಕ್ ಇತ್ತು. ಎತ್ತಿದ್ದು ಎಡಗೈ.

…

ಹೇಳಿದೆ. "ನಿಮ್ಮ ಮಾತ್ರೆಗಳನ್ನ ಈ ರಾತ್ರಿಯೇ ಎಸೆದುಬಿಡಿ." ಎರಡು ಸಲ ಹೇಳಿದೆ, ಅವರು ಎರಡು ಸಲ ಹೇಳಿದ್ರು ಅಂತ. ಅವರು ಸಾಲು ಮುಗಿಸಿ ನನ್ನ ಕಡೆ ತಿರುಗಿದ್ರು. ಇಡೀ ಸಭೆ ನನ್ನ ಬಾಯಿ ನೋಡ್ತಿತ್ತು. ಬೇರೆ ಸಾಲು ಹುಡುಕಿದೆ, ಸಿಗಲಿಲ್ಲ. ಅಲ್ಲ… ಹುಡುಕಲಿಲ್ಲ. ಕಾರಿಂದು, ಮನೇದು, ಅಂಥ ಚಿಕ್ಕಪುಟ್ಟದ್ದನ್ನ ತಿರುಗಿಸ್ತಿದ್ದೆ. ಇದಕ್ಕೆ ಕೈ ತಾನಾಗೇ ಎದ್ದಿತ್ತು.

ತಪ್ಪು ಅಂತ ಆಗ ಗೊತ್ತಿತ್ತಾ ಅಂತ ಕೇಳ್ತಿದ್ದೀರಾ? ಆ ಕಣ್ಣು ಅದನ್ನೇ ಕೇಳ್ತಿದೆ. ಗೊತ್ತಿತ್ತು. ನೀವೇ ಕಲಿಸಿದ್ರಲ್ಲ.

ಪ್ರೇಮಲೀಲಕ್ಕ ಬಾಗಿಲಲ್ಲೇ ಹೇಳಿದ್ರು ನನಗೆ. "ಅಮ್ಮ ಆ ಬ್ರದರ್‌ನ ನಂಬಿ ಮಾತ್ರೆ ಬಿಟ್ಟಿದ್ದಲ್ಲ ಪುನೀತ್. 'ನಾನು ಸ್ಟೂಲ್ ಹತ್ತಿಸಿದ ಹುಡುಗ ವಚನ ತಪ್ಪಿ ಹೇಳಲ್ಲ' ಅಂತಿದ್ದಾರೆ." ಕೇಳಿಸಿದ್ರೂ ಕೇಳಿಸದೋನ ಹಾಗೆ ಒಳಗೆ ಬಂದೆ. ಹಿಜ್ಕೀಯ, ತಿಮೊಥೆಯ ಅಂತ ಶುರು ಮಾಡಿದೆ.

ಈ ಭಾನುವಾರ ಮತ್ತೆ ಬರ್ತಾರೆ ಬ್ರದರ್. ಪಾಸ್ಟರ್ ಫೋನ್ ಮಾಡಿದ್ರು. ಭಾಷಾಂತರ ಮಾಡೋಕೆ ಆಗಲ್ಲ ಅಂತ ಹೇಳ್ತೀನಿ… ಇನ್ನೂ ಹೇಳಿಲ್ಲ.

ಟೀಚರ್, ಆವತ್ತಿಂದು ಸುಳ್ಳು. ಈಗಿಂದು ನಿಜ. ಎರಡೂ ಇದೇ ಬಾಯಲ್ಲಿ ಬಂದಿದ್ದು, ಅದಕ್ಕೆ ನಾನೇನು ಮಾಡಲಿ ಹೇಳಿ? ಸತ್ಯವೇದ ಕೊಡಲಾ, ನೀವೇ ಓದ್ತೀರಾ? ಕನ್ನಡಕ ಎಲ್ಲಿದೆ? ಮೇಲಿಂದು, ಕೆಳಗಿಂದು, ಎರಡೇ ಎರಡು ವಚನ. ನಾನು ಬಾಯಿ ಬಿಡಲ್ಲ, ಹೊರಗೆ ನಿಂತಿರ್ತೀನಿ ಬೇಕಾದ್ರೆ.

ಗೋಡೆ ಕಡೆ ತಿರುಗಬೇಡಿ.

ಆಟೋದೋರು ಹಾರ್ನ್ ಮಾಡ್ತಿದ್ದಾರೆ. ಪ್ರೇಮಲೀಲಕ್ಕ ಬ್ಯಾಗ್ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ನೋಡಿ. ಮಾತ್ರೆ ನನ್ನ ಕೈಲೇ ಇದೆ. ಬಲಗೈ ಇದು, ಟೀಚರ್.

ಈ ಕಡೆ ತಿರುಗಿ.