ಸಾಸಿವೆಯಷ್ಟು ಪಾಲು

ಹೆಗ್ಗಡದೇವನಕೋಟೆಯ ಬಸ್ ನಿಲ್ದಾಣದಲ್ಲಿ ಹುಣಸೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕಾಡಂಚಿನ ಆದಿವಾಸಿ ಹಾಡಿಯ ಅತ್ತೆ ಸೊಸೆ. ರೆಸಾರ್ಟಿನ ಸಮವಸ್ತ್ರದಲ್ಲಿದ್ದ ಸೊಸೆ ಮಂಗಳಾ ಫೋನಿನಲ್ಲಿ ತನ್ನ ಷೇರುಗಳನ್ನು ತೋರಿಸುತ್ತಿದ್ದಳು. ಅತ್ತೆ ಸೋಮಿ ಬಗ್ಗಿ ನೋಡುತ್ತಿದ್ದಳು.

“ಎಲ್ಲಾ ಕೆಂಪಗೈತಲ್ಲವ್ವ, ಬಿದ್ದೋಯ್ತಾ?”

“ರೇಟು ಬಿದ್ದೈತೆ ಅತ್ತೆ. ಮಾರ್ಬುಡು ಅಂತ ನಿಮ್ ಮಗ ಒಂದೇ ಸಮ ಕುಣೀತಾವ್ರೆ.”

“ಮಾರ್ತೀಯಾ?”

“ಇಲ್ಲ ಕಣತ್ತೆ. ಜೇನು ಕೀಳುವಾಗ ಮರಿ ಇರೋ ಎರಿ ಮುಂದ್ಲ ಸಲಕ್ಕೆ ಅಂತ ಮುಟ್ದೆ ಬತ್ತೀವಲ್ಲ, ಅಂಗೆ. ತಿಂಗ್ಳುತಿಂಗ್ಳು ಒಸಿ ಕೊಳ್ಳದು, ವರ್ಸಾನುಗಟ್ಲೆ ಬುಡದು. ಒಂದೇ ಕಂಪ್ನೀಲಿ ಎಲ್ಲಾ ಆಕ್ಬಾರ್ದು.”

“ಯಾವ್ಯಾವ್ದು ತಗಂಡಿದ್ದೀಯವ್ವ?”

“ಸೋಪಿನ ಕಂಪ್ನಿ, ಬ್ಯಾಂಕು, ಆಮೇಲೆ ನಾನು ಕಸ ಗುಡ್ಸೋ ರೆಸಾರ್ಟಿಂದು.”

ಸೋಮಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ನಮ್ಮಪ್ಪನ್ನ ಕಾಡಿಂದ ಓಡ್ಸಿ ರೆಸಾರ್ಟಿಗೆ ಬೇಲಿ ಆಕುದ್ರಲ್ಲ, ಅವ್ರ ಕಂಪ್ನೀಲಿ ನಿಂಗೂ ಪಾಲೈತಾ?”

“ಸಾಸ್ವೆ ಕಾಳಷ್ಟು.”

“ಅಷ್ಟಾದ್ರೂ ಐತಲ್ಲೇ ನಮ್ಮವ್ವ!”

ಬೀಚನಹಳ್ಳಿ ಬಸ್ ಬಂತು. ಸೋಮಿ ಫೋನನ್ನು ಸೆರಗಿನಲ್ಲಿ ಒರೆಸಿ ಸೊಸೆಗೆ ಕೊಟ್ಟಳು.

“ಕಾಡ್ನ ನಮ್ಮನ್ ಕೇಳ್ದೆ ಕಿತ್ಕೊಂಡ್ರು. ಈ ಪಾಲ್ನ ನಾವಾಗೇ ಕೊಟ್ಬುಡದಾ? ನನ್ ಮಗಂಗೆ ನಾನೇಳ್ತೀನಿ. ನೀ ಮಾರ್ಬ್ಯಾಡ.”

ಇಬ್ಬರೂ ಬಸ್ಸು ಹತ್ತಿದರು.